ಭಿತ್ತಿಪತ್ರದ ಸಂಬಳವೂ ಕೈಗೆ ಬರುವ ಸಂಬಳವೂ

ತಾಳವಾಡಿಯಿಂದ ಹೊರಟ ಬಸ್ಸು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿಯನ್ನು ದಾಟಿ ಸತ್ಯಮಂಗಲವನ್ನು ಸೇರುತ್ತದೆ. ಅಲ್ಲಿಂದ ಒಂದು ದಾರಿ ಕೊಯಮತ್ತೂರಿಗೆ, ಇನ್ನೊಂದು ದಾರಿ ತಿರುಪ್ಪೂರಿಗೆ. ಬೆಟ್ಟದ ಮೇಲಿನ ಕನ್ನಡ ಶಾಲೆಗಳಲ್ಲಿ ಓದಿದ ಅನೇಕ ತರುಣರು ದುಡಿಮೆಯನ್ನು ಅರಸಿ ಇಳಿಯುವುದು ಇದೇ ಘಟ್ಟವನ್ನು. ಈ ನಂಟು ಇಂದಿನದಲ್ಲ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; 1979ರಲ್ಲಿ ಈರೋಡು ಜಿಲ್ಲೆ ಬೇರೆಯಾಗುವ ತನಕ ತಾಳವಾಡಿಯ ಸೀಮೆಯೂ ಅದೇ ಜಿಲ್ಲೆಯಲ್ಲಿತ್ತು. ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಬರುತ್ತದೆ.

ಹೀಗೆ ಇಳಿದು ಬಂದ ತರುಣನನ್ನು ಬಸ್ ನಿಲ್ದಾಣದ ಗೋಡೆ, ವಿದ್ಯುತ್ ಕಂಬ, ಚಹಾದಂಗಡಿಯ ಬಾಗಿಲುಗಳ ಮೇಲೆ ಅಂಟಿಸಿದ ಕಾಗದಗಳು ಎದುರುಗೊಳ್ಳುತ್ತವೆ. ‘ಓಟ್ಟುನರ್ ತೇವೈ’ ಎಂದು ತಮಿಳಿನಲ್ಲಿ ದಪ್ಪಕ್ಷರದ ತಲೆಬರಹ. ಚಾಲಕರು ಬೇಕಾಗಿದ್ದಾರೆ ಎಂದು ಅದರ ಅರ್ಥ. ಕೆಳಗೆ ಇನ್ನೂ ದಪ್ಪದಾಗಿ ಒಂದು ಸಂಖ್ಯೆ. ಅದರ ಕೆಳಗೆ ಊಟ, ವಸತಿ ಉಚಿತವೆಂಬ ಮಾತು. ಕೊನೆಗೆ ಒಂದು ದೂರವಾಣಿ ಸಂಖ್ಯೆ. ದುಡಿಸಿಕೊಳ್ಳುವ ಕಂಪನಿಯ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಕಾಗದವನ್ನು ಅಂಟಿಸಿದವರು ಮಾಲೀಕರಲ್ಲ, ಆಳು ಒದಗಿಸುವ ಏಜೆನ್ಸಿಯವರು.

ದಪ್ಪ ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಪದ ಅಡಗಿ ಕುಳಿತಿರುತ್ತದೆ. ಅದು ‘ವರೈ’. ಕನ್ನಡದ ‘ವರೆಗೆ’ ಎಂಬುದರ ಒಡಹುಟ್ಟು. ‘ಮಾದ ಸಂಬಳಂ 30,000 ವರೈ’ ಎಂದರೆ ತಿಂಗಳ ಸಂಬಳ ಮೂವತ್ತು ಸಾವಿರ ಎಂದಲ್ಲ, ಮೂವತ್ತು ಸಾವಿರದ ವರೆಗೆ ಎಂದು. ಹದಿನಾಲ್ಕು ಸಾವಿರವೂ ಆ ‘ವರೆಗೆ’ಯೊಳಗೇ ಬರುತ್ತದೆ. ಮನೆಯಿಂದ ಹೊರಡುವಾಗ ತಾಯಿಗೆ ಹೇಳಿ ಬಂದ ಸಂಖ್ಯೆಗೂ ಮೊದಲ ತಿಂಗಳ ಕೊನೆಯಲ್ಲಿ ಕೈಗೆ ಬಂದ ಸಂಖ್ಯೆಗೂ ನಡುವಣ ಅಂತರವೆಲ್ಲ ಈ ಒಂದು ಪದದಲ್ಲಿದೆ.

ಬೇಡಿಕೆ ಸುಳ್ಳಲ್ಲ

ಈ ಎರಡು ಜಿಲ್ಲೆಗಳಲ್ಲಿ ಚಾಲಕರಿಗೆ ಕೆಲಸವೇ ಇಲ್ಲವೆಂದು ಯಾರೂ ಹೇಳಲಾರರು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲಿನ ಗಿರಣಿಯನ್ನು ಆರಂಭಿಸಿದ ಬಳಿಕ, ವಿಶೇಷವಾಗಿ 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ತು ಬಂದ ಬಳಿಕ, ಇದು ಗಿರಣಿಗಳ ಸೀಮೆಯಾಯಿತು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರು ಬನಿಯನ್ನು ಮತ್ತು ಹೆಣೆದ ಉಡುಪುಗಳಿಗೆ ಹೆಸರುವಾಸಿ. ನೂಲು ಗಿರಣಿಯಿಂದ ಹೆಣಿಗೆಗೆ, ಹೆಣಿಗೆಯಿಂದ ಬಣ್ಣ ಹಾಕುವ ಘಟಕಕ್ಕೆ, ಅಲ್ಲಿಂದ ಹೊಲಿಗೆಗೆ, ಹೊಲಿಗೆಯಿಂದ ಬಂದರಿಗೆ ಸಾಗಬೇಕು. ಸುತ್ತಣ ಹಳ್ಳಿಗಳಿಂದ ಕಾರ್ಮಿಕರನ್ನು ಬೆಳಗ್ಗೆ ಕರೆತಂದು ರಾತ್ರಿ ಬಿಟ್ಟುಬರಲು ಕಂಪನಿ ವ್ಯಾನುಗಳು ಬೇಕು. ಶಾಲೆ, ಕಾಲೇಜುಗಳ ಬಸ್ಸುಗಳಿವೆ. ಸ್ವಂತ ಕಾರಿದ್ದರೂ ದೂರದ ಪಯಣಕ್ಕೆ ಚಾಲಕನನ್ನು ಕರೆಸಿಕೊಳ್ಳುವ ಮನೆಗಳಿವೆ. ಹಾಗೆ ಕರೆದಾಗ ಬಂದು ದಿನಗೂಲಿಗೆ ಓಡಿಸುವವನಿಗೆ ಇಲ್ಲಿ ‘ಆ್ಯಕ್ಟಿಂಗ್ ಡ್ರೈವರ್’ ಎಂದು ಹೆಸರು.

ಆದ್ದರಿಂದ ಪ್ರಶ್ನೆಯಿರುವುದು ಕೆಲಸದ ಬಗ್ಗೆಯಲ್ಲ, ಸಂಖ್ಯೆಯ ಬಗ್ಗೆ. ಎಲ್ಲ ಏಜೆನ್ಸಿಗಳೂ ವಂಚಕರೆನ್ನುವುದು ಅನ್ಯಾಯದ ಮಾತಾದೀತು. ಆದರೆ ತಲೆಗಿಷ್ಟೆಂದು ಕಮಿಷನ್ ಪಡೆಯುವವನಿಗೆ ತಲೆಗಳನ್ನು ಕೂಡಿಸುವುದೇ ಲಾಭ. ಬಂದವನು ಆರು ತಿಂಗಳ ಬಳಿಕ ಏನು ಪಡೆದನೆಂಬುದು ಅವನ ಲೆಕ್ಕದಲ್ಲಿ ಬರುವುದಿಲ್ಲ. ಈ ನೆಲ ಇದನ್ನು ಹಿಂದೆಯೂ ಕಂಡಿದೆ. ಆಗ ಭಿತ್ತಿಪತ್ರದ ಮೇಲಿದ್ದುದು ಗಂಡುಮಕ್ಕಳ ಸ್ಟಿಯರಿಂಗ್ ಅಲ್ಲ, ಹೆಣ್ಣುಮಕ್ಕಳ ತಾಳಿ.

‘ಸುಮಂಗಲಿ’ಯ ಪಾಠ

1990ರ ದಶಕದಿಂದ ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಸೀಮೆಯ ನೂಲಿನ ಗಿರಣಿಗಳಲ್ಲಿ ಒಂದು ಬಗೆಯ ನೇಮಕಾತಿ ಹಬ್ಬಿತು. ‘ಸುಮಂಗಲಿ ತಿಟ್ಟಂ’ ಎಂದೂ ‘ತಿರುಮಗಳ್ ತಿರುಮಣ ತಿಟ್ಟಂ’ ಎಂದೂ ಅದಕ್ಕೆ ಹೆಸರು. ತಿಟ್ಟಂ ಎಂದರೆ ಯೋಜನೆ. ದಕ್ಷಿಣದ ಬಡ ಜಿಲ್ಲೆಗಳ ಹಳ್ಳಿಗಳಲ್ಲಿ ದಲ್ಲಾಳಿಗಳು ಮನೆಮನೆಗೆ ಹೋಗಿ, ಮದುವೆಯಾಗದ ಹುಡುಗಿಯರನ್ನು ಮೂರು ವರ್ಷಗಳ ಮಟ್ಟಿಗೆ ಗಿರಣಿಗೆ ಕಳುಹಿಸುವಂತೆ ತಂದೆತಾಯಿಯರನ್ನು ಒಪ್ಪಿಸುತ್ತಿದ್ದರು. ಹಾಸ್ಟೆಲಿನಲ್ಲಿ ವಾಸ, ಊಟ, ದಿನಕ್ಕೊಂದಿಷ್ಟು ಹಣ, ಮೂರು ವರ್ಷ ತುಂಬಿದಾಗ ಮದುವೆಯ ಖರ್ಚಿಗೆಂದು 30,000ದಿಂದ 50,000 ರೂಪಾಯಿಗಳ ಇಡುಗಂಟು. ವರದಕ್ಷಿಣೆಯನ್ನು ನೆನೆದು ನಿದ್ದೆಗೆಟ್ಟ ಮನೆಗಳಿಗೆ ಆ ಇಡುಗಂಟು ವರವಾಗಿ ಕಂಡಿತು.

ಅದನ್ನು ಬಿಡಿಸಿ ನೋಡಿದರೆ ಕಾಣುವುದು ಬೇರೆ. 40,000 ರೂಪಾಯಿಯನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,111 ರೂಪಾಯಿ. ತಿಂಗಳಿಗೆ 26 ಕೆಲಸದ ದಿನಗಳೆಂದರೆ ದಿನಕ್ಕೆ ಸುಮಾರು 43 ರೂಪಾಯಿ. ಕನಿಷ್ಠ ವೇತನಕ್ಕಿಂತ ಕಡಿಮೆಯಾಗಿ ಪ್ರತಿದಿನ ಕೊಟ್ಟು, ಉಳಿದುದನ್ನು ತಡೆಹಿಡಿದು, ಮೂರು ವರ್ಷಗಳ ಬಳಿಕ ಕೊಡುಗೆಯೆಂಬಂತೆ ಹಿಂದಿರುಗಿಸುವ ಏರ್ಪಾಡು ಅದು. ಇಡುಗಂಟು ಬಹುಮಾನವಾಗಿರಲಿಲ್ಲ, ಅವಳದೇ ಕೂಲಿಯಾಗಿತ್ತು. ಕಾಯಿಲೆಯಿಂದಲೋ ಮನೆಯ ತೊಂದರೆಯಿಂದಲೋ ಅವಧಿಗೆ ಮುನ್ನ ಹೊರಟವಳಿಗೆ ಆ ಹಣ ಸಿಗದೆ ಹೋದ ಪ್ರಕರಣಗಳು ಪರಿಶೀಲನಾ ವರದಿಗಳಲ್ಲಿ ದಾಖಲಾಗಿವೆ. ಹುಡುಗಿಯರನ್ನು ಕಾರ್ಮಿಕರೆನ್ನದೆ ‘ತರಬೇತಿಯವರು’ ಎಂದು ಬರೆದುಕೊಂಡದ್ದು ಕಡಿಮೆ ಕೂಲಿಗೆ ನೆಪವಾಯಿತು.

2008ರಲ್ಲಿ ತಮಿಳುನಾಡು ಸರಕಾರ ಗಿರಣಿಗಳ ತರಬೇತಿ ಕಾರ್ಮಿಕರಿಗೂ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. 2011ರ ಮೇ ತಿಂಗಳಲ್ಲಿ ಸೋಮೊ ಮತ್ತು ನೆದರ್ಲೆಂಡ್ಸ್‌ನ ಭಾರತ ಸಮಿತಿ ಎಂಬ ಡಚ್ ಸಂಸ್ಥೆಗಳು ‘ಕ್ಯಾಪ್ಚರ್ಡ್ ಬೈ ಕಾಟನ್’ ಎಂಬ ವರದಿಯನ್ನು ಹೊರತಂದ ಮೇಲೆ ವಿಷಯ ಯುರೋಪಿನ ಉಡುಪು ಕಂಪನಿಗಳ ಬಾಗಿಲನ್ನು ತಟ್ಟಿತು. 2014ರ ಅಕ್ಟೋಬರಿನಲ್ಲಿ ಅವೇ ಸಂಸ್ಥೆಗಳು ಐದು ಗಿರಣಿಗಳನ್ನು ಕುರಿತು ‘ಫ್ಲಾಡ್ ಫ್ಯಾಬ್ರಿಕ್ಸ್’ ಎಂಬ ಇನ್ನೊಂದು ವರದಿಯನ್ನು ಪ್ರಕಟಿಸಿದವು. ಅದೇ ವರ್ಷ ಮಹಿಳೆಯರ ಮತ್ತು ಮಕ್ಕಳ ಹಾಸ್ಟೆಲುಗಳು ನೋಂದಣಿಯಾಗಬೇಕೆಂಬ ಕಾಯಿದೆ ತಮಿಳುನಾಡಿನಲ್ಲಿ ಬಂದಿತು. ಕೊಯಮತ್ತೂರಿನಲ್ಲಿ ಕಚೇರಿಯುಳ್ಳ ದಕ್ಷಿಣ ಭಾರತ ಗಿರಣಿಗಳ ಸಂಘವೂ ನೇಮಕಾತಿ, ಹಾಸ್ಟೆಲುಗಳ ಬಗ್ಗೆ ತನ್ನ ಸದಸ್ಯರಿಗೆ ಮಾರ್ಗಸೂಚಿಯನ್ನು ಕೊಟ್ಟಿತು. ‘ಸುಮಂಗಲಿ’ ಎಂಬ ಹೆಸರು ಗೋಡೆಗಳಿಂದ ಬಹುಮಟ್ಟಿಗೆ ಮರೆಯಾಯಿತು. ದುಡಿದವರಿಗೆ ಸಲ್ಲಬೇಕಾದುದನ್ನೇ ದೊಡ್ಡ ಕೊಡುಗೆಯಂತೆ ಬರೆದು ತೋರಿಸುವ ರೀತಿ ಮಾತ್ರ ಗೋಡೆಯಲ್ಲಿ ಉಳಿಯಿತು.

ಮೂವತ್ತು ಸಾವಿರವನ್ನು ಬಿಡಿಸಿದಾಗ

ಒಂದು ಮಾದರಿ ಲೆಕ್ಕದಿಂದ ಇದು ತಿಳಿದೀತು. ‘30,000 ವರೈ’ ಎಂದು ಬರೆದ ಕೆಲಸದಲ್ಲಿ ಮೂಲವೇತನ 15,000; ಹೊರ ಊರಿಗೆ ಹೋದ ದಿನಕ್ಕೆ 300ರಂತೆ ಬಾಟಾ, ಮೂವತ್ತು ದಿನಕ್ಕೆ 9,000; ಗೊತ್ತುಪಡಿಸಿದ ಕಿಲೋಮೀಟರುಗಳನ್ನು ಪೂರೈಸಿದರೆ 6,000 ಪ್ರೋತ್ಸಾಹಧನ ಎಂದಿಟ್ಟುಕೊಂಡರೆ, ಕೂಡಿದಾಗ ಭಿತ್ತಿಪತ್ರದ ಸಂಖ್ಯೆ ಬರುತ್ತದೆ. ಆದರೆ ತಿಂಗಳಿನ ಮೂವತ್ತು ದಿನವೂ ಯಾವ ಚಾಲಕನೂ ಹೊರ ಊರಿನಲ್ಲಿರಲಾರ. 18 ದಿನ ಹೋದವನಿಗೆ ಬಾಟಾ 5,400 ಆಗುತ್ತದೆ. ಲೋಡು ಸಿಗದೆ ಎರಡು ದಿನ ಲಾರಿ ನಿಂತರೆ ಕಿಲೋಮೀಟರು ತುಂಬದು, ಪ್ರೋತ್ಸಾಹಧನವೂ ಬಾರದು. ಉಳಿಯುವುದು 20,400. ಮೂಲವೇತನದ ಶೇಕಡ 12ರಂತೆ ಭವಿಷ್ಯನಿಧಿಗೆ 1,800, ಶೇಕಡ 0.75ರಂತೆ ಇಎಸ್‌ಐಗೆ 113 ಕಳೆದರೆ 18,487. ಈ ಎರಡು ಕಡಿತಗಳು ಚಾಲಕನ ಒಳಿತಿಗಾಗಿಯೇ ಇರುವಂಥವು. ಆದರೂ ಕೈಗೆ ಬರುವ ಹಣ ಅಷ್ಟು ಕಡಿಮೆಯೆಂಬುದನ್ನು ಮೊದಲೇ ತಿಳಿದಿರಬೇಕು. ಉಳಿದುದರಲ್ಲಿ 5,400 ಬಾಟಾ. ಅದು ದಾರಿಯ ಊಟ, ಚಹಾ, ಸ್ನಾನಕ್ಕೆ ಕೊಟ್ಟದ್ದು, ದಾರಿಯಲ್ಲೇ ಕರಗುವಂಥದು. ಊರಿಗೆ ಕಳುಹಿಸಲು ಮಿಕ್ಕುವುದು ಹದಿಮೂರು ಸಾವಿರದ ಆಸುಪಾಸು. ಏಜೆನ್ಸಿಯ ಕಮಿಷನ್ನು, ಸಮವಸ್ತ್ರ, ಕೊಠಡಿಯ ಬಾಡಿಗೆಯೆಂದು ಕಡಿದರೆ ಅದೂ ಇಳಿಯುತ್ತದೆ.

ಇನ್ನು ಗಂಟೆಗಳ ಲೆಕ್ಕ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಚಾಲಕನಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ದರವನ್ನು ವಿಧಿಸಿತು. ಅದರ ಸ್ಥಾನಕ್ಕೆ ಬಂದಿರುವ ಹೊಸ ಸಂಹಿತೆಗಳೂ ದಿನದ 8 ಗಂಟೆಯನ್ನು, ಹೆಚ್ಚಿನ ದುಡಿಮೆಗೆ ಎರಡು ಪಟ್ಟನ್ನು ಉಳಿಸಿಕೊಂಡಿವೆ. ಮೇಲಿನ ಮಾದರಿಯ ಚಾಲಕ 26 ದಿನ, ದಿನಕ್ಕೆ 12 ಗಂಟೆ ದುಡಿದನೆನ್ನಿ. 15,000 ರೂಪಾಯಿ ಎಂಟು ಗಂಟೆಯ ದುಡಿಮೆಗೆ ಸಂದ ವೇತನ. ಉಳಿದ ನಾಲ್ಕು ಗಂಟೆಯನ್ನು ಎರಡು ಪಟ್ಟಿನಂತೆ ಎಣಿಸಿದರೆ ಅದೂ ಎಂಟು ಗಂಟೆಗೆ ಸಮ. ಅಂದರೆ ಇನ್ನೊಂದು 15,000. ಒಟ್ಟು ಸರಿಯಾಗಿ 30,000, ಬಾಟಾ ಬೇರೆ. ಭಿತ್ತಿಪತ್ರ ಔದಾರ್ಯವೆಂದು ತೋರಿಸುವ ಮೊತ್ತ ಅಷ್ಟು ಹೊತ್ತು ದುಡಿದವನಿಗೆ ನ್ಯಾಯವಾಗಿಯೇ ಬರಬೇಕಾದ ವೇತನ. ಆ 15,000ವನ್ನು 12 ಗಂಟೆಗಳಿಗೂ ಹರಡಿದಾಗ ಗಂಟೆಯ ಕೂಲಿ 72 ರೂಪಾಯಿಯಿಂದ 48ಕ್ಕೆ ಕುಸಿಯುತ್ತದೆ.

ಇದು ಹಣದ ಮಾತಷ್ಟೇ ಅಲ್ಲ. ಕಿಲೋಮೀಟರಿನ ಗುರಿಗೆ ಸಂಬಳವನ್ನು ಕಟ್ಟಿಹಾಕಿದಾಗ ನಿದ್ದೆಗೆಟ್ಟು ಓಡಿಸುವುದು ಅನಿವಾರ್ಯವಾಗುತ್ತದೆ. ಆ ವಾಹನದಲ್ಲಿ ಇರುವುದು ನೂಲಿನ ಮೂಟೆಯಾಗಿರಬಹುದು, ರಾತ್ರಿ ಪಾಳಿ ಮುಗಿಸಿದ ಇಪ್ಪತ್ತು ಹೆಣ್ಣುಮಕ್ಕಳಾಗಿರಬಹುದು.

ಕಡಲಾಚೆಯೂ ಇದೇ ಪದ

ಸಣ್ಣ ಊರಿನ ಏಜೆನ್ಸಿಗಳಷ್ಟೇ ಹೀಗೆ ಬರೆಯುತ್ತವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಊಬರ್ ಕಂಪನಿಯು ನ್ಯೂಯಾರ್ಕಿನ ಚಾಲಕರ ವಾರ್ಷಿಕ ಮಧ್ಯಮ ಗಳಿಕೆ 90,000 ಡಾಲರಿಗಿಂತ ಹೆಚ್ಚು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 74,000ಕ್ಕಿಂತ ಹೆಚ್ಚು ಎಂದು ಸಾರಿಕೊಂಡಿತ್ತು. ಅಲ್ಲಿನ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ ಲೆಕ್ಕ ತೆಗೆದಾಗ ಅವು ಕ್ರಮವಾಗಿ 61,000 ಮತ್ತು 53,000 ಡಾಲರುಗಳೆಂದು ಕಂಡುಬಂದಿತು. ಸಾರಿದ ಮೊತ್ತವನ್ನು ನಿಜವಾಗಿ ಗಳಿಸಿದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. 2017ರ ಜನವರಿಯಲ್ಲಿ ಕಂಪನಿಯು 2 ಕೋಟಿ ಡಾಲರುಗಳನ್ನು ಕೊಡಲೊಪ್ಪಿ ಪ್ರಕರಣವನ್ನು ಮುಗಿಸಿಕೊಂಡಿತು.

2024ರ ಅಕ್ಟೋಬರಿನಲ್ಲಿ ಲಿಫ್ಟ್ ಎಂಬ ಇನ್ನೊಂದು ಕಂಪನಿಯ ಸರದಿ. ಅಟ್ಲಾಂಟಾ ನಗರದಲ್ಲಿ ಗಂಟೆಗೆ ‘33 ಡಾಲರಿನ ವರೆಗೆ’ ಗಳಿಸಬಹುದೆಂದು ಅದು ಜಾಹೀರಾತು ಕೊಟ್ಟಿತ್ತು. ಆ ಸಂಖ್ಯೆಯನ್ನು ತೆಗೆದದ್ದು ಅತಿ ಹೆಚ್ಚು ಗಳಿಸುವ ಐದನೆಯ ಒಂದು ಪಾಲು ಚಾಲಕರ ಲೆಕ್ಕದಿಂದ. ಪ್ರಯಾಣಿಕರು ಕೊಟ್ಟ ಭಕ್ಷೀಸೂ ಅದರಲ್ಲಿ ಸೇರಿತ್ತು. ಇಷ್ಟು ಸವಾರಿ ಮುಗಿಸಿದರೆ ಇಷ್ಟು ಹಣ ಖಚಿತ ಎಂಬ ಮಾತನ್ನು ಚಾಲಕರು ಹೆಚ್ಚಿನ ಬೋನಸ್ಸೆಂದು ತಿಳಿದರು; ಗಳಿಕೆ ಅದಕ್ಕಿಂತ ಕಡಿಮೆಯಾದರೆ ಕೊರತೆಯನ್ನಷ್ಟೇ ತುಂಬಿಕೊಡುವ ಏರ್ಪಾಡು ಅದಾಗಿತ್ತು. ಕಂಪನಿ 21 ಲಕ್ಷ ಡಾಲರುಗಳ ದಂಡಕ್ಕೆ ಒಪ್ಪಿತು. ಇಂಗ್ಲಿಷಿನಲ್ಲಾಗಲಿ ತಮಿಳಿನಲ್ಲಾಗಲಿ ‘ವರೆಗೆ’ ಎಂಬ ಪದ ಮಾಡುವ ಕೆಲಸ ಒಂದೇ: ಕೆಲವರ ಒಳ್ಳೆಯ ತಿಂಗಳನ್ನು ಎಲ್ಲರ ಎಲ್ಲ ತಿಂಗಳೆಂಬಂತೆ ತೋರಿಸುವುದು.

ಓದಲಾರದ ಕಾಗದಕ್ಕೆ ಸಹಿ

ಕನ್ನಡ ಮಾಧ್ಯಮದ ಮನೆಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಬೆಟ್ಟದ ಜನ ತಮಿಳನ್ನು ಸಲೀಸಾಗಿ ಆಡುತ್ತಾರೆ. ಸಂತೆ, ಆಸ್ಪತ್ರೆ, ಬಸ್ಸುಗಳಲ್ಲಿ ಅದೇ ನಡೆಯುತ್ತದೆ. ಆದರೆ ಆಡುವುದು ಬೇರೆ, ಓದುವುದು ಬೇರೆ. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೂ ತಮಿಳು ಹಂತಹಂತವಾಗಿ ಬಂದಿತು. ಅದಕ್ಕೆ ಮುನ್ನ ಕನ್ನಡದಲ್ಲೇ ಓದಿ ಮುಗಿಸಿದ ಅನೇಕ ತಂದೆತಾಯಿಯರಿಗೆ ತಮಿಳು ಲಿಪಿ ಇಂದಿಗೂ ಅಪರಿಚಿತ. ಏಜೆಂಟನು ಬಾಯಲ್ಲಿ ಹೇಳುವುದು ಅರ್ಥವಾಗುತ್ತದೆ. ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಏನಿದೆಯೆಂಬುದು ಅರ್ಥವಾಗುವುದಿಲ್ಲ. ವ್ಯಾಜ್ಯ ಬಂದಾಗ ನಿಲ್ಲುವುದು ಕಾಗದ.

ಅಂಥ ಕಾಗದಗಳಲ್ಲಿ ಕಾಣಬಹುದಾದ ಕೆಲವೇ ತಮಿಳು ಪದಗಳನ್ನು ಗುರುತಿಸಲು ಕಲಿತರೂ ಬಹಳ ಉಪಕಾರವಾಗುತ್ತದೆ. ‘ಪಿಡಿತ್ತಂ’ ಎಂದರೆ ಸಂಬಳದಿಂದ ಹಿಡಿದುಕೊಳ್ಳುವುದು, ಕಡಿತ. ‘ಮುನ್‌ಪಣಂ’ ಎಂದರೆ ಮುಂಗಡ. ಅದನ್ನು ಪಡೆದವನು ತೀರಿಸುವ ತನಕ ಬಿಟ್ಟುಹೋಗಲಾರದಂತೆ ಕಟ್ಟುಬೀಳುವ ಅಪಾಯವಿದೆ. ‘ಪಯಿರ್ಚಿ’ ಎಂದರೆ ತರಬೇತಿ; ತರಬೇತಿಯ ತಿಂಗಳುಗಳಲ್ಲಿ ಸಂಬಳವೆಷ್ಟೆಂದು ಕೇಳಲೇಬೇಕು. ‘ಊಕ್ಕತ್ತೊಗೈ’ ಎಂದರೆ ಪ್ರೋತ್ಸಾಹಧನ. ಅದು ಯಾವ ಗುರಿಗೆ ಎಂಬುದು ಬರಹದಲ್ಲಿರಬೇಕು. ‘ವರೈ’ಯನ್ನಂತೂ ಮರೆಯುವಂತಿಲ್ಲ. ಶಾಲೆಯಲ್ಲಿ ತಮಿಳು ಕಲಿತ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ, ಅಣ್ಣನು ಸಹಿ ಹಾಕುವ ಮೊದಲು ಆ ಕಾಗದವನ್ನು ಅವರಿಂದ ಗಟ್ಟಿಯಾಗಿ ಓದಿಸುವುದು ಒಳಿತು.

ಕಾನೂನು ಕೊಟ್ಟಿರುವ ಆಸರೆ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದವು. ಅವುಗಳ ಪ್ರಕಾರ ಕಾರ್ಮಿಕನಿಗೆ ನೇಮಕ ಪತ್ರ ಕೊಡಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಸಲ್ಲಿಸಬೇಕು. ಕಡಿತಗಳೆಲ್ಲ ಸೇರಿ ವೇತನದ ಅರ್ಧವನ್ನು ಮೀರುವಂತಿಲ್ಲ. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಬಾಕಿ ವೇತನಕ್ಕಾಗಿ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬಹುದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯಾಗುತ್ತದೆಂದು ಸುಪ್ರೀಂ ಕೋರ್ಟು 1982ರಲ್ಲಿಯೇ, ದೆಹಲಿಯ ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ತೀರ್ಪಿತ್ತಿದೆ. ದೂರು ಕೊಡಲು ಕಾರ್ಮಿಕ ಇಲಾಖೆಯ ಕಚೇರಿಗಳಿವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ವಕೀಲರ ನೆರವು ಉಚಿತ. 15100 ಎಂಬ ಸಂಖ್ಯೆಗೆ ಕರೆಮಾಡಿ ಸಲಹೆ ಪಡೆಯಬಹುದು.

ಕೊಲ್ಲಿ ದೇಶಗಳ ಚಾಲಕ ಕೆಲಸದ ಜಾಹೀರಾತುಗಳಿಗೆ ಬೇರೆಯೇ ಕಟ್ಟುಪಾಡಿದೆ. 1983ರ ವಲಸೆ ಕಾಯಿದೆಯಂತೆ ವಿದೇಶಕ್ಕೆ ಆಳು ಕಳುಹಿಸುವ ಏಜೆಂಟನು ಕೇಂದ್ರ ಸರಕಾರದಲ್ಲಿ ನೋಂದಣಿಯಾಗಿರಬೇಕು. ಆತ ಪಡೆಯಬಹುದಾದ ಸೇವಾಶುಲ್ಕದ ಮಿತಿ ತೆರಿಗೆಯ ಹೊರತಾಗಿ 30,000 ರೂಪಾಯಿ. ನೋಂದಣಿ ಸಂಖ್ಯೆಯನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಹೋಲಿಸಿ ನೋಡಬಹುದು. ಸಂಖ್ಯೆಯಿಲ್ಲದ ಜಾಹೀರಾತು ಎಷ್ಟೇ ದೊಡ್ಡ ಸಂಬಳವನ್ನು ಹೇಳಿದರೂ ಅದರ ಹಿಂದೆ ಹೋಗಬಾರದು.

ವಯಸ್ಸಿನ ಮಾತೂ ಇದೆ. ಬಾಡಿಗೆ ಮತ್ತು ಸರಕು ವಾಹನಗಳನ್ನು ಓಡಿಸಲು 20 ವರ್ಷ ತುಂಬಿರಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಹನ್ನೆರಡನೆಯ ತರಗತಿ ಮುಗಿಸಿದ ಹದಿನೆಂಟರ ಹುಡುಗನಿಗೆ ‘ಕ್ಲೀನರಾಗಿ ಬಾ, ಕೆಲವೇ ದಿನಗಳಲ್ಲಿ ಲಾರಿ ಕೊಡುತ್ತೇವೆ’ ಎನ್ನುವ ಏಜೆಂಟನು ಕಾನೂನಿಗೆ ಒಪ್ಪದ ಮಾತನ್ನು ಆಡುತ್ತಿದ್ದಾನೆ. ಅಪಘಾತವಾದರೆ ಸೆರೆಮನೆಯ ಬಾಗಿಲು ತೆರೆಯುವುದು ಹುಡುಗನಿಗೆ.

ಹೊರಡುವ ಮುನ್ನ

ಕೆಲಸಕ್ಕೆ ಹೋಗಬೇಡವೆಂದು ಮಕ್ಕಳನ್ನು ತಡೆಯುವುದು ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಹಾಗೆ ತಡೆಯಬೇಕಾದುದೂ ಇಲ್ಲ. ಚಾಲಕನ ಕೆಲಸ ಗೌರವದ ಕೆಲಸ. ಹೋಗುವ ಮುನ್ನ ತಂದೆತಾಯಿಯರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಮೂಲವೇತನ ಎಷ್ಟು? ದಿನಕ್ಕೆ ಎಷ್ಟು ಗಂಟೆ, ಹೆಚ್ಚಿನ ಗಂಟೆಗೆ ಎಷ್ಟು? ಬಾಟಾ ಸಂಬಳದೊಳಗೆ ಸೇರಿದೆಯೋ ಹೊರಗೋ? ಏನೇನು ಕಡಿತ? ವಾಹನಕ್ಕೆ ಗೀರು ಬಿದ್ದರೆ, ದಂಡ ಬಿದ್ದರೆ ತೆರುವವರು ಯಾರು? ಸಂಬಳ ಕೊಡುವವರು ಏಜೆನ್ಸಿಯೋ ಕಂಪನಿಯೋ? ಅದೇ ಏಜೆನ್ಸಿಯ ಮೂಲಕ ಹೋಗಿ ಆರು ತಿಂಗಳು ದುಡಿದ ಒಬ್ಬರೊಡನೆ ಮಾತನಾಡಬಹುದೇ?

ಅಂಕಪಟ್ಟಿ, ಲೈಸೆನ್ಸುಗಳ ಮೂಲಪ್ರತಿಯನ್ನು ಏಜೆನ್ಸಿಯಲ್ಲಿ ಬಿಟ್ಟು ಬರಬಾರದು; ನಕಲು ಕೊಟ್ಟರೆ ಸಾಕು. ಶಾಲೆ ಕೊಟ್ಟ ಆ ಹಾಳೆಯೇ ಒತ್ತೆಯಾಗಿ ಉಳಿದರೆ ಕೆಲಸ ಬಿಟ್ಟು ಬರುವ ದಾರಿ ಮುಚ್ಚಿಹೋಗುತ್ತದೆ. ದುಡಿದ ದಿನ, ಓಡಿಸಿದ ಗಂಟೆ, ಪಡೆದ ಹಣ ಇಷ್ಟನ್ನು ಪ್ರತಿದಿನ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿರಲಿ. ಅದನ್ನು ಕನ್ನಡದಲ್ಲೇ ಬರೆಯಬಹುದು. ಮುಂದೊಂದು ದಿನ ಬಾಕಿ ಕೇಳಬೇಕಾಗಿ ಬಂದರೆ ನೆನಪಿಗಿಂತ ಆ ಬರಹ ಗಟ್ಟಿ.

ಸುಮಂಗಲಿ ತಿಟ್ಟಂನ ಕಾಲದಲ್ಲಿ ಇಡುಗಂಟಿನ ಮೊತ್ತವನ್ನು 36ರಿಂದ ಭಾಗಿಸಿ ತೋರಿಸುವವರು ಆ ಹಳ್ಳಿಗಳ ತಂದೆತಾಯಿಯರ ಬಳಿ ಇರಲಿಲ್ಲ. ಇಂದು ಮನೆಯಲ್ಲಿ ಐದನೆಯ ತರಗತಿಯ ಮಗು ಇದ್ದರೂ ಆ ಭಾಗಾಕಾರವನ್ನು ಮಾಡಿಕೊಡುತ್ತದೆ. ಏಜೆಂಟನ ಮುಂದೆ ಒಂದು ಹಾಳೆ ಇಟ್ಟು, ಗೋಡೆಯ ಮೇಲಿನ ಸಂಖ್ಯೆಯನ್ನು ತುಂಡುತುಂಡಾಗಿ ಬಿಡಿಸಿ ಬರೆದು ಸಹಿ ಮಾಡಿಕೊಡುವಂತೆ ಕೇಳಬೇಕು. ಆತ ಬರೆದುಕೊಟ್ಟ ಮೊತ್ತವಷ್ಟನ್ನೇ ಸಂಬಳವೆಂದು ನಂಬಿ ಮನೆಯ ಖರ್ಚನ್ನು ಯೋಚಿಸಬೇಕು. ಬರೆದುಕೊಡಲು ಆತ ಹಿಂಜರಿದರೆ, ಅದೇ ದಿನ ಸಂಜೆಯ ಬಸ್ಸಿಗೆ ಊರಿಗೆ ಮರಳುವುದರಿಂದ ಆಗುವ ನಷ್ಟ ಬರಿಯ ಟಿಕೆಟ್ಟಿನ ಹಣ.